ಒಂದು ರಿಂಗ್ ಅಂದರೆ ಸರಿ

“ಅಮ್ಮಾ, ನಮ್ಮಜ್ಜಿ ಸತ್ತುಹೋಗಿದ್ದು ರೇಡಿಯೋ ಅಜ್ಜಿಗೆ ಗೊತ್ತಾ?”

ಐದು ವರ್ಷದ ಮಗಳು ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಕೇಳಿದಾಗ ತಾಯಿಯ ಹೆಬ್ಬೆರಳು ಅತ್ತೆಯ ಹಳೆಯ ಫೋನಿನ ಮೇಲಿತ್ತು. ಏಳೂ ಇಪ್ಪತ್ತು. ರೇಡಿಯೋ ಕಾರ್ಯಕ್ರಮ ಆಗಷ್ಟೇ ಮುಗಿದಿತ್ತು. ಅವಳು ನಂಬರ್ ಒತ್ತಿ, ಆ ಕಡೆ ಒಂದು ಸಲ ರಿಂಗ್ ಆಗುವುದನ್ನು ಕೇಳಿಸಿಕೊಂಡು ಕಟ್ ಮಾಡಿದಳು.

“ಮೊದ್ಲು ಆ ಸಾಕ್ಸ್ ಹಾಕ್ಕೋ, ವ್ಯಾನ್ ಬಂತು.”

ವ್ಯಾನ್ ಬಂದಿರಲಿಲ್ಲ.

ಆ ಊರಿನ ಸಮುದಾಯ ರೇಡಿಯೋ ಅಂದರೆ ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಸದ್ದು ತಡೆಯಲು ಒಂದರ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ್ದರು. ಬೆಳಿಗ್ಗೆ ಏಳೂ ಹತ್ತಕ್ಕೆ ಅಲ್ಲಿಂದ ರೇಡಿಯೋ ಅಜ್ಜಿ ಹತ್ತು ನಿಮಿಷ ‘ಹಳೇ ಮಾತಿ’ನಲ್ಲಿ ಮಾತಾಡುತ್ತಿದ್ದರು. ಹಿಂದೆ ಅರ್ಧ ಊರು ಆಡುತ್ತಿದ್ದ, ಬರಹವೇ ಇಲ್ಲದ ಮಾತು. ಈಗ ಬಲ್ಲವರನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಗುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಆ ಕೇಳುಗರು ಸ್ಟೇಷನ್ನಿಗೆ ಮಿಸ್ಡ್ ಕಾಲ್ ಕೊಡುವುದು ಒಂಬತ್ತು ವರ್ಷದ ಪದ್ಧತಿ. ಒಂದು ರಿಂಗ್ ಅಂದರೆ ‘ಕೇಳಿದೆ, ಸರಿಯಿದೆ’. ಎರಡು ಅಂದರೆ ‘ತಪ್ಪಿದ್ದೀಯ, ತಿದ್ದಿಕೋ’. ಏನು ತಪ್ಪಿದ್ದು ಎಂದು ಅಜ್ಜಿಯೇ ಹುಡುಕಿಕೊಂಡು ಮರುದಿನ ಸರಿಯಾಗಿ ಹೇಳಬೇಕು. ಯಾರೂ ಹೆಸರು ಹೇಳುವುದಿಲ್ಲ, ಯಾರೂ ಫೋನ್ ಎತ್ತುವುದಿಲ್ಲ, ನಂಬರೊಂದೇ ಗುರುತು.

ಅತ್ತೆ ಎರಡು ರಿಂಗಿನವರು. ವಾರಕ್ಕೆ ಮೂರು ಸಲವಾದರೂ “ಇವಳ ನಾಲಿಗೆ ಎಲ್ಲಿ ಮೇಯೋಕೆ ಹೋಗಿತ್ತು” ಎಂದು ಗೊಣಗುತ್ತಾ ಎರಡು ಸಲ ಒತ್ತುವರು. ರೇಡಿಯೋ ಅಜ್ಜಿಯ ಮುಖವನ್ನು ಅವರು ಒಮ್ಮೆಯೂ ನೋಡಿದವರಲ್ಲ. ಕೊನೆಕೊನೆಗೆ ಗುಂಡಿ ಒತ್ತಲು ಕೈ ಬಾರದಾದಾಗ ಹಾಸಿಗೆಯಿಂದಲೇ ಬೆರಳು ಎತ್ತಿ ತೋರಿಸುತ್ತಿದ್ದರು, ಒಂದೋ ಎರಡೋ. ಸೊಸೆ ಅಷ್ಟು ಸಲ ಒತ್ತುತ್ತಿದ್ದಳು. ಅತ್ತೆ ಹೋದ ಮರುದಿನವೂ ಏಳೂ ಇಪ್ಪತ್ತಕ್ಕೆ ಅವಳ ಕೈ ತಾನಾಗಿ ಫೋನಿಗೆ ಹೋಯಿತು. ಪಾಪ, ಆ ರೇಡಿಯೋ ಅಜ್ಜಿ ಕಾದಿರುತ್ತಾರೆ ಎನಿಸಿತು. ಅವಳಿಗೆ ಹಳೇ ಮಾತಿನ ಒಂದು ಪದವೂ ಬಾರದು, ಗಂಡನಿಗೂ ಬಾರದು. ಬಾರದವಳು ತಪ್ಪು ಹಿಡಿಯುವುದು ಹೇಗೆ? ಒಂದೇ ರಿಂಗ್ ಕೊಟ್ಟಳು. ಅಂದಿನಿಂದ ನಾಲ್ಕು ತಿಂಗಳು, ಒಂದೇ.

“ಅಮ್ಮ ಬದುಕಿದ್ದಾಗ್ಲೂ ಇಷ್ಟು ಸಲೀಸಾಗಿ ಯಾರನ್ನೂ ಒಪ್ಕೊಂಡಿರ್ಲಿಲ್ಲ,” ಎಂದು ಗಂಡ ನಗುತ್ತಿದ್ದ. “ಸತ್ತ ಮೇಲೆ ಒಳ್ಳೆಯವಳಾಗಿದ್ದಾಳೆ ನೋಡು.”

ಆ ಮಾತಿಗೆ ಅವಳಿಗೆ ನಗು ಬರುವುದು ನಿಂತು ಒಂದು ತಿಂಗಳಾಗಿತ್ತು. ಅರ್ಥವಾಗದಿದ್ದರೂ ರೇಡಿಯೋ ಅಜ್ಜಿಯ ದನಿಯ ಏರಿಳಿತ ಅವಳ ಕಿವಿಗೆ ಪಾಠವಾಗಿತ್ತು. ಇತ್ತೀಚೆಗೆ ದನಿ ನಡುನಡುವೆ ನಿಲ್ಲುತ್ತಿತ್ತು. ಒಂದೇ ಪದವನ್ನು ಮೂರು ಸಲ ಹೇಳಿ, ನಾಲ್ಕನೆಯ ಸಲ ಪ್ರಶ್ನೆ ಕೇಳಿದ ಹಾಗೆ ಎಳೆಯುತ್ತಿತ್ತು. ಮೊನ್ನೆ ಒಂದಿಡೀ ನಿಮಿಷ ಫ್ಯಾನಿನ ಸದ್ದು, ಯಾರದೋ ಉಸಿರು, ಅಷ್ಟೇ. ಇವತ್ತು ಸರಾಗವಾಗಿತ್ತು, ಅತಿ ಸರಾಗ, ಬಾಯಿಪಾಠ ಒಪ್ಪಿಸಿದಂತೆ. ಮಗಳು ಎರಡನೇ ಸಾಕ್ಸ್ ಎಳೆದುಕೊಳ್ಳುವಷ್ಟರಲ್ಲಿ ಅತ್ತೆಯ ಫೋನು ಅವಳ ಕೈಯಲ್ಲೇ ರಿಂಗಾಯಿತು. ಸ್ಟೇಷನ್ನಿನ ನಂಬರು. ಒಂಬತ್ತು ವರ್ಷದಲ್ಲಿ ಆ ಕಡೆಯಿಂದ ಯಾರೂ ತಿರುಗಿ ಮಾಡಿದವರಲ್ಲ.

ಎತ್ತಿದಳು. ಹಳೇ ಮಾತಿನಲ್ಲಿ ಒಂದು ಸಣ್ಣ ವಾಕ್ಯ. ಅದೇ ವಾಕ್ಯ ಇನ್ನೊಮ್ಮೆ ಬಂತು.

“ಅವರಿಲ್ಲ ಅಜ್ಜಿ,” ಎಂದಳು. “ನಾನು ಅವರ ಸೊಸೆ.”

“ಮನೆ ಎಲ್ಲಿ?” ಎಂದಿತು ದನಿ, ಈಗ ಎಲ್ಲರೂ ಆಡುವ ಮಾತಿನಲ್ಲಿ.

ಮಧ್ಯಾಹ್ನ ರೇಡಿಯೋ ಅಜ್ಜಿ ಬಂದರು. ದನಿಗಿಂತ ಚಿಕ್ಕ ಹೆಂಗಸು. ಕನ್ನಡಕಕ್ಕೆ ದಾರ, ಕೈಚೀಲದಲ್ಲಿ ಬಿಸಿನೀರಿನ ಫ್ಲಾಸ್ಕು. ಬಳೆಗಳನ್ನು ಬಿಚ್ಚಿ ಪೆನ್ಸಿಲ್ ಡಬ್ಬಿಗೆ ಹಾಕಿಟ್ಟಿದ್ದರು. ಮೈಕಿನ ಮುಂದೆ ಸದ್ದಾಗಬಾರದೆಂದು ಬೆಳಿಗ್ಗೆ ತೆಗೆದವರು ಮತ್ತೆ ಹಾಕಿಕೊಳ್ಳಲು ಮರೆತಿದ್ದರು. ಗೋಡೆಯ ಮೇಲಿದ್ದ ಅತ್ತೆಯ ಫೋಟೋ ಮುಂದೆ ಬಹಳ ಹೊತ್ತು ನಿಂತರು.

“ಇವಳೇನಾ? ಮೂಗು ನೋಡಿದ್ರೇ ಗೊತ್ತಾಗತ್ತೆ, ತಪ್ಪು ಹುಡುಕೋ ಮೂಗು.”

ಕುಳಿತು ತಾವಾಗಿಯೇ ಹೇಳಿಕೊಂಡರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅವರಿವರ ಮಾತಿಗೆ ತಂತಿ ಚುಚ್ಚಿಕೊಟ್ಟದ್ದೇ ಬದುಕು. ತಮ್ಮ ಮಾತು ಆಡಲು ಮನೆಯಲ್ಲಿ ತಾಯಿ ಒಬ್ಬರಿದ್ದರು, ಅವರೂ ಹೋದರು. ಮದುವೆ ಆಗಲಿಲ್ಲ. ನಿವೃತ್ತರಾದ ಮೇಲೆ, ಸ್ಟೇಷನ್ನಿನಲ್ಲಿ ಧ್ವನಿಮುದ್ರಣ ನೋಡಿಕೊಳ್ಳುವ, ಎಲ್ಲರೂ ಬಟನ್ ಮಾಮ ಎನ್ನುವ ಮನುಷ್ಯ ಇವರನ್ನು ಹುಡುಕಿಕೊಂಡು ಬಂದ. ಉಳಿದಿರುವ ಇಬ್ಬರು ಕೇಳುಗರಲ್ಲಿ ಒಬ್ಬರಿಗೆ ಕಿವಿ ಕೇಳದು, ಗಡಿಯಾರ ನೋಡಿ ರಿಂಗ್ ಕೊಡುತ್ತಾರೆ. ಇನ್ನೊಬ್ಬರು ಯಾರ ತಪ್ಪನ್ನೂ ಎತ್ತಿ ಆಡುವವರಲ್ಲ.

“ಅದಕ್ಕೇ ಈ ಮೂಗಿನವಳ ರಿಂಗೇ ನಮ್ಗೆ ಮುದ್ರೆ. ಇವಳದು ಒಂದೇ ಬಂದ್ರೆ ಬಟನ್ ಮಾಮ ‘ಸರಿ’ ಅಂತ ಬರೆದು ಕಪಾಟಿಗೆ ಸೇರಿಸ್ತಾನೆ. ಮುಂದೆ ಕಲಿಯೋರಿಗೆ ಅದೇ ಪಾಠ. ಎರಡು ಬಂದ್ರೆ ಸೇರಿಸಲ್ಲ.”

ಸೊಸೆ ಅತ್ತೆಯ ಫೋನನ್ನು ಬೋರಲು ಹಾಕಿದಳು.

“ನಾನು ಒಳ್ಳೇದಕ್ಕೇ ಅಂತ ಮಾಡಿದ್ದು ಅಜ್ಜಿ. ನಿಮಗೆ ಬೇಜಾರಾಗ್ಬಾರ್ದು ಅಂತ.”

“ಗೊತ್ತು ಮಗಳೇ. ಬೈಯೋಕೆ ಬಂದಿಲ್ಲ.” ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು, ಕುಡಿಯಲಿಲ್ಲ. “ನಾಲ್ಕು ತಿಂಗಳ ಹಿಂದೆ ಡಾಕ್ಟರ್ ಹೇಳಿದ್ರು, ಮರೆವು ಶುರುವಾಗಿದೆ, ಇನ್ನು ಜಾಸ್ತಿಯಾಗುತ್ತೆ ಅಂತ. ನಾನು ನಂಬ್ಲಿಲ್ಲ. ಹೇಗೆ ನಂಬ್ಲಿ? ಇವಳು ದಿನಾ ಒಂದೇ ರಿಂಗ್ ಕೊಡ್ತಿದ್ದಾಳೆ. ಒಂದಾದ್ರೂ ತಪ್ಪಿಲ್ಲ. ನನ್ನ ತಲೆ ಮೊದಲಿಗಿಂತ ಚೆನ್ನಾಗಿದೆ ಅಂದ್ಕೊಂಡೆ. ಜಂಬ ಬಂತು.”

“ಮತ್ತೆ ಇವತ್ತು?”

“ತಿಂಗಳಿಂದ ಭಯ ಆಗ್ತಿತ್ತು. ಈ ಮೂಗು ಇಷ್ಟು ದಿನ ಸುಮ್ಮನಿರೋದಾ? ಇವತ್ತು ಬೇಕು ಅಂತಲೇ ಹುಚ್ಚುಹುಚ್ಚಾಗಿ ಆಡ್ದೆ. ಬಾವಿ ಅನ್ನೋ ಕಡೆ ಬೆಂಕಿ ಅಂದೆ, ಹೆತ್ತೆ ಅನ್ನೋ ಕಡೆ ಹೂತೆ ಅಂದೆ. ಆದ್ರೂ ಒಂದೇ ರಿಂಗ್ ಬಂತು.”

ಹೊರಗೆ ಯಾರೋ ಗೇಟು ತಳ್ಳಿ, ಬೇರೆ ಮನೆ ಎಂದು ತಿಳಿದು ವಾಪಸ್ಸು ಹೋದರು. ಆ ಸದ್ದಿಗೆ ಇಬ್ಬರೂ ಬೆಚ್ಚಿದರು.

“ಇವತ್ತಿಂದು ತೆಗೆಸಿಬಿಡಿ ಅಜ್ಜಿ. ಉಳಿದದ್ದು ಸರಿಯಾಗೇ ಇರ್ಬಹುದಲ್ವಾ?”

“ಇರ್ಬಹುದು. ಯಾವುದು ಸರಿ, ಯಾವುದು ತಪ್ಪು ಅಂತ ಹೇಳೋರು ಯಾರು? ಇವಳಿಲ್ಲ.” ಫೋಟೋದ ಕಡೆ ನೋಡಿದರು. “ನಿನ್ನೆ ಹಳೇದನ್ನೆಲ್ಲ ಹಾಕಿಸ್ಕೊಂಡು ಕೇಳ್ದೆ. ಒಂದು ಕಡೆ ನಾನು ಅಮ್ಮನ್ನ ಕರೆಯೋ ಪದ ಹೇಳಿದ್ದೀನಿ. ಅದು ನಮ್ಮನೇಲಿ ಕರೀತಿದ್ದ ಪದವೋ, ನಾನೇ ಕಟ್ಟಿದ್ದೋ, ಎಷ್ಟು ಹೊತ್ತು ಕೂತ್ರೂ ಗೊತ್ತಾಗ್ಲಿಲ್ಲ. ನನ್ನ ದನಿ ಮಾತ್ರ ಸುಳ್ಳು ಹೇಳೋರ ಹಾಗೆ ಗಟ್ಟಿಯಾಗಿತ್ತು.”

ಅವರು ಕೋಣೆಯ ಸುತ್ತ ಕಣ್ಣಾಡಿಸಿದ ರೀತಿ, ಇಲ್ಲಿಗೆ ಯಾಕೆ ಬಂದೆ ಎಂದು ನೆನೆಸಿಕೊಳ್ಳುವವರಂತಿತ್ತು. ಅಷ್ಟರಲ್ಲಿ ಅವರ ತಣ್ಣನೆಯ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು.

“ನಾಳೆ ಮಗೂನ ಸ್ಕೂಲಿಗೆ ಕಳಿಸಿ ಸ್ಟೇಷನ್ನಿಗೆ ಬಾ. ನಾಲ್ಕು ತಿಂಗಳದ್ದೆಲ್ಲ ಅಳಿಸು ಅಂತ ಬಟನ್ ಮಾಮಂಗೆ ಹೇಳು. ನಡೆದದ್ದನ್ನೆಲ್ಲ ಬಿಡಿಸಿ ಹೇಳು, ನಾಚ್ಕೋಬೇಡ. ನಾನೂ ಅಲ್ಲೇ ಇರ್ತೀನಿ. ಅಷ್ಟು ಹೊತ್ತಿಗೆ ಇದೆಲ್ಲ ಮರೆತಿರ್ತೀನೋ ಏನೋ. ‘ಇವಳು ಯಾರು, ನಂದೆಲ್ಲ ಸರಿಯಾಗಿದೆ’ ಅಂತ ನಿನ್ನ ಮೇಲೆ ಕೂಗಾಡಬಹುದು, ಅಳಬಹುದು. ನನ್ನ ಮಾತು ಕೇಳಬೇಡ ಮಗಳೇ. ನಿಂತು ಅದನ್ನೆಲ್ಲ ಅಳಿಸಿಬಿಡು.”