ಕಣ್ಣಿನ ಗಾಡಿಯ ಮೂರನೇ ತಂತಿ

ಮೂರನೇ ತಂತಿ ಯಾಕೆ ಬೇಕು, ಎರಡರಲ್ಲೇ ದೀಪ ಉರಿಯುತ್ತದಲ್ಲ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಮೊನ್ನೆ ನಮ್ಮ ಮನೆಗೆ ಗೀಸರ್ ಹಾಕಲು ಬಂದವನೂ ಅದನ್ನೇ ಕೇಳಿದ. ಬಾಗಿಲಿನಿಂದಲೇ ವಾಪಸ್ ಕಳಿಸಿದೆ. ಈ ವಯಸ್ಸಿನಲ್ಲಿ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಗೊಣಗುತ್ತ ಹೋದ. ಗೊಣಗಲಿ.

ಎಂಬತ್ತರ ದಶಕದಲ್ಲಿ ನಾನು ಬಂಗಾರಪೇಟೆಯ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಆಸ್ಪತ್ರೆಗೆ ಯಾರೋ ಪುಣ್ಯಾತ್ಮರು ಒಂದು ಟ್ರೈಲರ್ ಕೊಟ್ಟಿದ್ದರು. ಎರಡು ಚಕ್ರದ ಮೇಲಿನ ತಗಡಿನ ಮನೆ ಅದು. ಒಳಗೆ ಒಂದು ಮಂಚ, ಕಣ್ಣು ನೋಡುವ ಯಂತ್ರ, ಸೂಜಿ ಕುದಿಸುವ ಪಾತ್ರೆ, ಕೈ ತೊಳೆಯಲು ಸಿಂಕು, ಒಂದು ಫ್ಯಾನು. ಜೀಪಿನ ಹಿಂದೆ ಕಟ್ಟಿಕೊಂಡು ಕ್ಯಾಸಂಬಳ್ಳಿ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆವು. ಜನ ಅದನ್ನು ಕಣ್ಣಿನ ಗಾಡಿ ಎನ್ನುತ್ತಿದ್ದರು. ಹೋದ ಕಡೆ ಶಾಲೆಯ ಬಯಲಲ್ಲಿ ನಿಲ್ಲಿಸಿ, ಹೊರಗಿನಿಂದ ಕರೆಂಟು ಮತ್ತು ನೀರು ಕೊಡಬೇಕು. ಅವೆರಡು ಇಲ್ಲದಿದ್ದರೆ ಅದೊಂದು ಬರೀ ಡಬ್ಬ.

ಆ ಕೆಲಸಕ್ಕೆಂದೇ ಒಬ್ಬರಿದ್ದರು. ಚಿನ್ನದ ಗಣಿಯ ಕೆಲಸಗಾರರ ಊರಿಗಾಂ ಲೈನಿನಲ್ಲಿ ಮನೆ, ತಮಿಳರು. ಗಣಿಯೊಳಗೆ ಎಲೆಕ್ಟ್ರಿಷಿಯನ್ ಆಗಿ ದುಡಿದು, ಎದೆ ಕೆಡಿಸಿಕೊಂಡು ಮೇಲೆ ಬಂದವರು. ನಾವೆಲ್ಲ ಅಣ್ಣಾ ಎನ್ನುತ್ತಿದ್ದೆವು. ಬೆಳಗಿನ ರೈಲಿಗೆ ಬಂಗಾರಪೇಟೆಗೆ ಬಂದು, ಜೀಪು ಹೊರಡುವ ಮೊದಲೇ ಟ್ರೈಲರಿನ ಕೆಳಗೆ ಮಲಗಿ ವೈರುಗಳನ್ನು ನೋಡುತ್ತಿದ್ದರು.

ಅವರ ಶಾಸ್ತ್ರ ನೋಡಿದರೆ ನನಗೆ ತಲೆ ಕೆಡುತ್ತಿತ್ತು. ಮೊದಲು ಚಕ್ರಗಳಿಗೆ ಕಲ್ಲು ಕೊಡುವುದು. ಒಳಗಿನ ಸ್ವಿಚ್ಚುಗಳೆಲ್ಲ ಆರಿವೆಯೇ ಎಂದು ಒಂದೊಂದನ್ನೇ ಮುಟ್ಟಿ ನೋಡುವುದು. ಆಮೇಲೆ ಆಳುದ್ದದ ಕಬ್ಬಿಣದ ಕಂಬಿಯನ್ನು ನೆಲಕ್ಕೆ ಹೊಡೆಯುವುದು. ನಮ್ಮ ಕಡೆಯ ನೆಲ ಗೊತ್ತಲ್ಲ, ಸುತ್ತಿಗೆಯೇ ವಾಪಸ್ ಬಂದು ಹಣೆಗೆ ಹೊಡೆಯುತ್ತದೆ. ಕೆಮ್ಮುತ್ತ ಕೆಮ್ಮುತ್ತ ಹೊಡೆದು, ಬುಡಕ್ಕೆ ಉಪ್ಪು ಹಾಕಿ ನೀರು ಸುರಿಸುವರು. ನಂತರ ಕರೆಂಟು ಕೊಟ್ಟು, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಕಂಬಿಗೂ ಇನ್ನೊಂದನ್ನು ಗಾಡಿಯ ಮೈಗೂ ಹಿಡಿಯುವರು. ದೀಪ ಹೊತ್ತಿದರೆ ಗಾಡಿಯ ಮೈಗೆ ಕರೆಂಟು ಇಳಿದಿದೆ ಎಂದರ್ಥ. ಹೊತ್ತದಿದ್ದರೆ ಮತ್ತೆ ಕರೆಂಟು ಆರಿಸಿ, ಗಾಡಿಯ ಮೈಗೆ ಇಳಿದ ಕರೆಂಟನ್ನು ನೆಲಕ್ಕೆ ಹರಿಸುವ ಹಸಿರು ಬಣ್ಣದ ಮೂರನೇ ತಂತಿಯನ್ನು ಕಂಬಿಗೆ ಬಿಗಿದು, ಪುನಃ ಕರೆಂಟು ಕೊಡುವರು. ನೀರಿನ ಪೈಪು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮೊದಲು ತಾವೇ ಗಾಡಿಯನ್ನು ಮುಟ್ಟುವರು, ಅದೂ ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ.

"ಅಂಗೈಯಲ್ಲಿ ಮುಟ್ಟಿದ್ರೆ ಕೈ ಹಂಗೇ ಮುಚ್ಚಿಕೊಂಡ್ಬಿಡುತ್ತೆ ಸಿಸ್ಟರಮ್ಮಾ. ಆಮೇಲೆ ಬಿಡು ಅಂದ್ರೂ ಬಿಡಲ್ಲ. ಗಣಿ ಒಳಗೆ ನೋಡಿದೀನಿ."

ಇಷ್ಟಕ್ಕೆಲ್ಲ ಮುಕ್ಕಾಲು ಗಂಟೆ. ಹೊರಗೆ ಬಿಸಿಲಲ್ಲಿ ಮುದುಕ ಮುದುಕಿಯರ ಸಾಲು. ಡಾಕ್ಟರು ಗಡಿಯಾರ ನೋಡಿಕೊಂಡು ಹಲ್ಲು ಕಡಿಯುತ್ತಿದ್ದರು. ನಾನೂ ಕಡಿಯುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಣ್ಣನಿಗೂ ನನಗೂ ಇನ್ನೊಂದು ಜಗಳವಿತ್ತು. ಗಾಡಿಯೊಳಗೆ ಸಗಣಿ, ಮಣ್ಣು ಬರುತ್ತದೆಂದು ನಾನು ಬಾಗಿಲ ಪಕ್ಕ ಒಂದು ಬೋರ್ಡು ಬರೆದು ಹಾಕಿದ್ದೆ. ಚಪ್ಪಲಿ ಹೊರಗೆ ಬಿಡಿ, ಕಾಲು ತೊಳೆದು ಬನ್ನಿ. ನಮ್ಮ ಜನಕ್ಕೆ ಹೇಳುವುದೇ ಬೇಕಿರಲಿಲ್ಲ. ಡಾಕ್ಟರು ಕೂತ ಜಾಗ ಅವರಿಗೆ ಗುಡಿಯ ಹಾಗೆ. ಹೊಸಲಿಗೆ ಕೈ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತುತ್ತಿದ್ದರು. ಚಪ್ಪಲಿ ಇದ್ದವರೇ ಹತ್ತಕ್ಕೆ ಇಬ್ಬರು ಎಂಬುದು ಬೇರೆ ಮಾತು.

"ಆ ಬೋರ್ಡು ತೆಗೀರಿ. ಒದ್ದೆ ಕಾಲಲ್ಲಿ ಯಾರೂ ಗಾಡಿ ಮುಟ್ಟಬಾರದು" ಎನ್ನುತ್ತಿದ್ದರು ಅಣ್ಣ.

"ನೀವು ವೈರು ನೋಡ್ಕೊಳ್ಳಿ, ಶುಚಿ ನಾನು ನೋಡ್ಕೊತೀನಿ" ಎಂದಿದ್ದೆ. ದೊಡ್ಡ ಜಾಣೆ ನಾನು. ಆ ಗಾಡಿಗೆ ಡಾಕ್ಟರು ಬೂಟು ಹಾಕಿಕೊಂಡೇ ಹತ್ತುತ್ತಿದ್ದರು. ನಾನು ರಬ್ಬರ್ ಅಟ್ಟೆಯ ಬಿಳೀ ಶೂ ಹಾಕಿಕೊಂಡು ಹತ್ತುತ್ತಿದ್ದೆ. ಬೋರ್ಡು ಬಡವರಿಗೆ ಮಾತ್ರ. ಇದು ನನಗೆ ಆಗ ಹೊಳೆಯಲೇ ಇಲ್ಲ ಎಂಬುದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕ್ಯಾಸಂಬಳ್ಳಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆಯ ಬಯಲು ಗುಡಿಸುವ ಹೆಂಗಸೊಬ್ಬಳಿದ್ದಳು. ಅರವತ್ತರ ಹತ್ತಿರ ಇರಬಹುದು. ಊರ ಹೊರಗಿನ ಕೇರಿಯವಳು. ನಾವು ಹೋದಾಗಲೆಲ್ಲ ಗುಡಿಸಿ, ನೀರು ಚಿಮುಕಿಸಿ, ಗಾಡಿಯ ಮುಂದೆ ರಂಗೋಲಿ ಎಳೆಯುತ್ತಿದ್ದಳು. ಮೆಟ್ಟಿಲ ಹತ್ತಿರ ನೀರು ಹಾಕಿದಳೋ, ಅಣ್ಣ ಕೂಗುತ್ತಿದ್ದರು. "ಅಲ್ಲಿ ಬೇಡಮ್ಮಾ, ಇಲ್ಲಿ ಕಂಬಿಗೆ ಹಾಕು." ಅವಳು ನಗುತ್ತ ಬಿಂದಿಗೆ ತಂದು ಕಂಬಿಯ ಬುಡಕ್ಕೆ ಸುರಿಯುತ್ತಿದ್ದಳು. "ಈ ಗಿಡ ಯಾವಾಗಣ್ಣಾ ಚಿಗುರಾದು?" ಎಂದು ಕೀಟಲೆ ಮಾಡುತ್ತಿದ್ದಳು.

ಅವಳ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದಕ್ಕೆ ಪೊರೆ ಕಟ್ಟುತ್ತಿತ್ತು. ಗುಡಿಸುವ ಕೆಲಸದಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಮುತ್ತುಗದ ಎಲೆ ಹಚ್ಚಿ ಹೋಟೆಲಿಗೆ ಕೊಡುತ್ತಿದ್ದಳು. ಕಾಣದೆ ಕಡ್ಡಿ ಚುಚ್ಚಿ ಚುಚ್ಚಿ ಬೆರಳುಗಳೆಲ್ಲ ಗಾಯ. ಡಾಕ್ಟರು ಒಮ್ಮೆ ಯಂತ್ರದಲ್ಲಿ ನೋಡಿ ಬರೆದುಕೊಟ್ಟರೆ ಸಾಕು, ಆಪರೇಷನ್ ಮಾಡಿಸಬಹುದಿತ್ತು. ಅವಳು ಮಾತ್ರ ಗಾಡಿ ಹತ್ತುತ್ತಿರಲಿಲ್ಲ.

"ನಮ್ಮಂತೋರು ಅತ್ತಬೌದಾ ಅಮ್ಮಾ ಅದರಾಗೆ?"

ಹತ್ತಬಹುದು ಎಂದು ನಾಲ್ಕು ಸಲ ಹೇಳಿದೆ. ಐದನೇ ಸಲ ಕೈ ಹಿಡಿದುಕೊಂಡು ಹೇಳಿದೆ. ಬೇಕಿದ್ದರೆ ಕಾಲು ತೊಳೆದುಕೊಂಡು ಬಾ, ಯಾರೂ ಏನೂ ಅನ್ನುವುದಿಲ್ಲ ಎಂದೆ. ಮುಂದಿನ ಸಲ ಖಂಡಿತ ಹತ್ತುತ್ತೇನೆ ಎಂದಳು.

ಆ ಮುಂದಿನ ಸಲ ಅಣ್ಣ ರಜೆ ಕೇಳಿದರು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಕ್ಯಾಂಪು ಒಂದು ವಾರ ಮುಂದಕ್ಕೆ ಹಾಕಿ, ನಾನಿಲ್ಲದೆ ಕರೆಂಟು ಕೊಡಬೇಡಿ ಎಂದು ಡಾಕ್ಟರಿಗೆ ಎರಡು ಸಲ ಹೇಳಿದರು. "ಕರೆಂಟು ಇವನೊಬ್ಬನ ಮನೆ ಆಸ್ತಿಯಾ?" ಎಂದರು ಡಾಕ್ಟರು, ಅವರು ಆಚೆ ಹೋದ ಮೇಲೆ. ನಾನಾದರೂ ಬೇಡ ಎನ್ನಬಹುದಿತ್ತು. ಒಂದು ವಾರ ಬಿಟ್ಟರೆ ಆ ಹೆಂಗಸು ಮನಸ್ಸು ಬದಲಿಸಿಬಿಡುತ್ತಾಳೆ ಎಂಬ ಹೆದರಿಕೆ ನನಗೆ. ಹೋಗೋಣ ಸಾರ್ ಎಂದೆ.

ಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನೊಬ್ಬ ತಾನಾಗಿಯೇ ಮುಂದೆ ಬಂದ. ಚಾಲಾಕಿ. ಶಾಲೆಯ ಮೀಟರಿನಿಂದ ಐದು ನಿಮಿಷದಲ್ಲಿ ವೈರು ಎಳೆದ. ಕಂಬಿ ಜೀಪಿನಲ್ಲೇ ಇತ್ತು, ಹೊಡೆಯಬೇಕಲ್ಲವೇ ಎಂದು ಕೇಳಿದೆ. ಕೇಳಿದ್ದು ನಿಜ. ಅವನು ಹಸಿರು ತಂತಿಯನ್ನು ಮಡಚಿ ಮೂಲೆಗೆ ಸಿಕ್ಕಿಸುತ್ತ ನಕ್ಕ.

"ಇದು ಸುಮ್ಕೆ ಕೊಟ್ಟಿರ್ತಾರಮ್ಮಾ, ಲೆಕ್ಕಕ್ಕೆ. ನಮ್ ಮೋಟ್ರು ಎರಡರಾಗೇ ಓಡ್ತಾ ಅವೆ, ಇನ್ನು ನಿಮ್ ಬಲ್ಬು ಉರಿಯಲ್ವಾ?"

ಬಲ್ಬು ಉರಿಯಿತು. ಫ್ಯಾನು ತಿರುಗಿತು. ಡಾಕ್ಟರು ನನ್ನ ಕಡೆ ತಿರುಗಿ, "ನೋಡಿದ್ರಾ ಸಿಸ್ಟರ್? ಐದೇ ನಿಮಿಷ" ಎಂದರು. ನಾನೂ ತಲೆ ಆಡಿಸಿದೆ.

ವೈರು ಗಾಡಿಯೊಳಗೆ ಬರುವ ತೂತಿನಲ್ಲಿ ತಗಡು ಉಜ್ಜಿ ಉಜ್ಜಿ ರಬ್ಬರು ಸವೆದಿತ್ತು, ದಾರಿಯ ಕುಲುಕಾಟಕ್ಕೆ ಅಣ್ಣ ಸುತ್ತಿದ್ದ ಬಟ್ಟೆ ಜರುಗಿತ್ತು ಎಂಬುದು ಆಮೇಲೆ ತಿಳಿಯಿತು. ಟೆಸ್ಟ್ ಲ್ಯಾಂಪ್ ಹಿಡಿದಿದ್ದರೆ ಅರೆ ನಿಮಿಷದಲ್ಲಿ ತಿಳಿಯುತ್ತಿತ್ತು. ಅದು ಪೆಟ್ಟಿಗೆಯಲ್ಲಿ ಮಲಗಿತ್ತು.

ಬೆಳಿಗ್ಗೆಯಿಂದ ಹತ್ತಿದವರಲ್ಲಿ ಮೂವರು ಹೇಳಿದರು, ಮೆಟ್ಟಿಲ ಪಕ್ಕದ ಹಿಡಿಕಂಬಿ ಹಿಡಿದರೆ ಕೈ ಜುಂ ಅನ್ನುತ್ತದೆ ಎಂದು. ಒಬ್ಬ ಮುದುಕ, "ಗಾಡಿಗೆ ದೇವರು ಬಂದವ್ನೆ ಕಣಮ್ಮೋ" ಎಂದು ನಗಿಸಿದ. ನಾನು, ಹೆದರಿಕೆಗೆ ಹಾಗನ್ನಿಸುತ್ತದೆ ಎಂದೆ. ನಾನು ನರ್ಸು! ಮೂರು ಜನ ಒಂದೇ ನೋವು ಹೇಳಿದರೆ ಹುಡುಕಿ ನೋಡಬೇಕೆಂದು ಕಲಿತು ಬಂದವಳು! ನಲ್ಲಿಯಿಂದ ನಡೆದು ಬರುವಷ್ಟರಲ್ಲಿ ಅವರ ಕಾಲು ಆರಿತ್ತು, ಮೆಟ್ಟಿಲ ಬಳಿಯ ನೆಲ ಒಣಗಿತ್ತು, ಅದಕ್ಕೇ ಅವರು ಬದುಕಿದರು. ನನ್ನ ಬುದ್ಧಿವಂತಿಕೆಯಿಂದಲ್ಲ.

ಆ ಹೆಂಗಸು ಎಲ್ಲರದೂ ಮುಗಿಯಲಿ ಎಂದು ಕಾದು ಕೊನೆಗೆ ಬಂದಳು. ಒಗೆದ ಸೀರೆ ಉಟ್ಟಿದ್ದಳು. ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದಳು. ಬರುವಾಗ ಮಣ್ಣು ಮೆತ್ತಿತೆಂದು ಮೆಟ್ಟಿಲ ಬಳಿ ಚೊಂಬಿನ ನೀರಿನಿಂದ ಇನ್ನೊಮ್ಮೆ ತೊಳೆದಳು. ನಾನು ಒಳಗಿನಿಂದ ನೋಡುತ್ತಲೇ ಇದ್ದೆ, ಬಾ ಬಾ ಎಂದು ಕರೆದೆ. ಅವಳು ಆ ಹಿಡಿಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

ಕೂಗಲೂ ಇಲ್ಲ. ಅಲ್ಲೇ ಸೆಟೆದು ನಿಂತು ನಡುಗಿದಳು. ಕೈ ಬಿಡಲಿಲ್ಲ. ಕೈ ಬಿಡುವುದಿಲ್ಲ ಎಂದು ಅಣ್ಣ ಹೇಳಿದ್ದು ತಲೆಗೆ ಬರುವ ಹೊತ್ತಿಗೆ ಪಂಪ್‌ಸೆಟ್‌ನವನು ಓಡಿಹೋಗಿ ವೈರು ಕಿತ್ತ. ಅವಳು ಹಿಂದಕ್ಕೆ ಬಿದ್ದಳು. ಅಂಗೈ ಸುಟ್ಟಿತ್ತು, ಇನ್ನೊಂದು ಕೈಯ ಮೂಳೆ ಮುರಿದಿತ್ತು. ಉಸಿರಿತ್ತು. ಜೀಪಿನಲ್ಲಿ ಹಾಕಿಕೊಂಡು ಬಂಗಾರಪೇಟೆಗೆ ಬಂದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು.

ಮೆಟ್ಟಿಲ ಮೇಲೆ ಒದ್ದೆಗೆ ಕಾಲು ಜಾರಿ ಬಿದ್ದಳು. ರಿಪೋರ್ಟಿನಲ್ಲಿ ಡಾಕ್ಟರು ಹೀಗೆ ಬರೆದರು. ಇದು ಸುಳ್ಳು ಸಾರ್ ಎಂದೆ. "ಜೀವ ಉಳಿದಿದೆಯಲ್ಲ, ಇನ್ನೇನು ಬೇಕು ನಿಮಗೆ?" ಎಂದರು. ಆಸ್ಪತ್ರೆಯ ಮೇಲಿನವರ ಹತ್ತಿರ ಹೋಗಿ ಹೇಳಿದೆ. ಕೂಗಾಡಿದೆ ಎಂದರೂ ಸರಿ. ಗಾಡಿ ಓಡಾಡುವುದು ಬೇಕೋ ಬೇಡವೋ ಎಂದು ಅವರು ನನ್ನನ್ನೇ ಕೇಳಿದರು. ಉಪಕಾರ ಮಾಡುವವರಿಗೆ ತಪ್ಪು ಮಾಡುವ ಹಕ್ಕೂ ಜೊತೆಗೇ ಬರುತ್ತದೆ ಎಂದು ಆ ಜನ ನಂಬಿದ್ದರು.

ಅಣ್ಣ ಮಾರನೆಯ ದಿನ ಬಂದು ಎಲ್ಲ ಕೇಳಿದರು. ಡಾಕ್ಟರಿಗೆ ಏನೂ ಅನ್ನಲಿಲ್ಲ. ನನ್ನ ಮುಂದೆ ನಿಂತು, "ಕಾಲು ತೊಳ್ಕೊಂಡು ಬಾ ಅಂತ ಹೇಳಿದ್ದು ಯಾರಮ್ಮಾ?" ಎಂದರು. ಮಗಳ ಸಂಬಂಧ ಏನಾಯಿತು ಎಂದು ಕೇಳುವಷ್ಟು ಮುಖವೂ ನನಗೆ ಉಳಿದಿರಲಿಲ್ಲ.

ಮೂರು ವಾರ ಬಿಟ್ಟು ನಾನೊಬ್ಬಳೇ ಬಸ್ಸಿನಲ್ಲಿ ಅವಳ ಮನೆಗೆ ಹೋದೆ. ಕಣ್ಣಿನ ಆಪರೇಷನ್ನಿಗೆ ಎಲ್ಲ ಗೊತ್ತು ಮಾಡಿದ್ದೆ. ಗಾಡಿ ಬೇಡ, ನನ್ನ ಜೊತೆ ನೇರವಾಗಿ ಆಸ್ಪತ್ರೆಗೆ ಬಂದರೆ ಸಾಕಿತ್ತು. ಅವಳು ಬಾಗಿಲಲ್ಲಿ ಕೂತಿದ್ದಳು. ಒಂದು ಕೈಗೆ ಪಟ್ಟಿ, ಇನ್ನೊಂದಕ್ಕೆ ಕಟ್ಟು. ನನ್ನ ದನಿ ಕೇಳಿದ್ದೇ ಎದ್ದು ನಿಲ್ಲಲು ಹೋದಳು.

"ತಪ್ಪಾಯ್ತಮ್ಮಾ. ಎರಡು ಸಲ ತೊಳ್ಕಂಡಿದ್ದೆ. ಎಲ್ಲೋ ಕೊಳೆ ಉಳ್ಕಂಡಿತ್ತು ಅಂತ ಕಾಣ್ತದೆ, ಅದಕ್ಕೇ ನಿಮ್ ಗಾಡಿ ನನ್ನ ಒದೀತು."

ನನಗೆ ಎಲ್ಲಿತ್ತೋ ಸಿಟ್ಟು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಹಾಗೆ ಅವಳ ಮೇಲೇ ಕಿರುಚಿದೆ. ಕೊಳೆಯೂ ಇಲ್ಲ, ಮಣ್ಣೂ ಇಲ್ಲ, ಒಂದು ತಂತಿ ಕಟ್ಟದೆ ಬಿಟ್ಟೆವು, ನಿನ್ನ ಕಾಲು ಒದ್ದೆ ಮಾಡಿಸಿದವಳು ನಾನು, ತಪ್ಪು ನಮ್ಮದು, ನನ್ನದು ಎಂದು ಅಳುತ್ತ ಕೂಗಿದೆ. ಕೇರಿಯ ಜನ ಹೊರಗೆ ಬಂದು ನೋಡಿದರು. ಅವಳು ಗಾಬರಿಯಾಗಿ ಪಟ್ಟಿ ಕಟ್ಟಿದ ಕೈಯನ್ನು ನನ್ನ ಕಡೆಗೆ ಚಾಚಿದಳು.

"ಅಳಬೇಡ ಬುಡಮ್ಮಾ. ನಿಮ್ಮಂತೋರು ಎಲ್ಲಾದ್ರೂ ತಪ್ ಮಾಡ್ತಾರಾ? ನಾನು ಅತ್ತಬಾರದಾಗಿತ್ತು. ಇನ್ನು ಎಲ್ಲಿಗೂ ಅತ್ತಲ್ಲ."

ಕತ್ತಲಾಗುವವರೆಗೆ ಅಲ್ಲೇ ಕೂತು ಬೇಡಿಕೊಂಡೆ. ಆಮೇಲೂ ಮೂರು ನಾಲ್ಕು ಸಲ ಹೋದೆ. ಪ್ರತಿ ಸಲವೂ ಅವಳು ನನಗೇ ಸಮಾಧಾನ ಹೇಳಿ ಕಳಿಸಿದಳು. ಮುಂದಿನ ಯುಗಾದಿಯ ಹೊತ್ತಿಗೆ ಇನ್ನೊಂದು ಕಣ್ಣೂ ಹೋಯಿತು.