ಅತ್ತೆ ಬೇಡಿಕೊಟ್ಟ ಓದುಗರು

ನಾನು ಕತೆಗಾರ್ತಿ ಅಂತ ನನ್ನನ್ನು ಬಿಟ್ಟರೆ ನಂಬಿದ್ದವಳು ನನ್ನ ಸೋದರತ್ತೆ ಒಬ್ಬಳೇ. ಕುದೂರಿನ ಟೈಪಿಂಗ್ ಅಂಗಡಿಯಲ್ಲಿ ಊರವರ ಅರ್ಜಿ, ಲಗ್ನಪತ್ರಿಕೆ ಟೈಪ್ ಮಾಡುತ್ತಾ, ಮಧ್ಯೆ ಮಧ್ಯೆ ಕತೆ ಬರೆದು ಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಆರು ವರ್ಷ ಕಳಿಸಿದೆ. ಒಂದೂ ಅಚ್ಚಾಗಲಿಲ್ಲ. ಬೇಡ ಅನ್ನುವುದಕ್ಕಾದರೂ ಒಂದು ಸಾಲು ಬರೆಯಬಾರದೇ, ಪುಣ್ಯಾತ್ಮರು!

ಅತ್ತೆಯ ಊರು ಗುಡೇಮಾರನಹಳ್ಳಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಹುಳು ಗೂಡು ಕಟ್ಟಿದ ಮೇಲೆ ಅವನ್ನು ಚಂದ್ರಿಕೆ ಅನ್ನುವ ಬಿದಿರು ತಟ್ಟಿಯಿಂದ ಬಿಡಿಸುವ ದಿನ ನಾನು ಅಂಗಡಿಗೆ ರಜ ಹಾಕಿ ಹೋಗಿಬಿಡುತ್ತಿದ್ದೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಅತ್ತೆ ಮಾತು ಶುರು ಹಚ್ಚಿಕೊಂಡರೆ ಮಧ್ಯಾಹ್ನದ ಮುದ್ದೆ ತಣ್ಣಗಾದರೂ ಯಾರೂ ಏಳುತ್ತಿರಲಿಲ್ಲ. ಯಾರನ್ನಾದರೂ ಅಣಕಿಸಿದಳೋ, ಆ ಮನುಷ್ಯನೇ ಬಂದು ಎದುರಿಗೆ ಕೂತ ಹಾಗೆ. ನನ್ನ ಕತೆಗಳ ಬಂಡವಾಳವೆಲ್ಲ ಅವಳ ಬಾಯಿ.

ಒಂದು ದಿನ ಅಲ್ಲೇ ಕೂತು ನನ್ನ ಗೋಳು ಹೇಳಿಕೊಂಡೆ. ಮುಂದಿನ ಶುಕ್ರವಾರವೇ ಅತ್ತೆ ನನ್ನನ್ನು ಸಾವನದುರ್ಗದ ಕಡೆ ಒಂದು ಸಣ್ಣ ಅಮ್ಮನ ಗುಡಿಗೆ ಎಳೆದುಕೊಂಡು ಹೋದಳು. ಅಲ್ಲಿ ಹೂ ಕೇಳುತ್ತಾರೆ. ಆಸೆಯನ್ನು ಬಾಯಿಬಿಟ್ಟು ಹೇಳಬೇಕು, ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ನಡೆಯುತ್ತದೆ ಅಂತ. ನನಗೆ ನಾಚಿಕೆ, ಬಾಯಿ ಬರಲಿಲ್ಲ. ಅತ್ತೆಯೇ ಜೋರಾಗಿ ಕೇಳಿಬಿಟ್ಟಳು.

“ನಮ್ ಹುಡ್ಗಿ ಬರ್ದಿದ್ನ ಸುತ್ಮುತ್ಲೂರ್ ಜನ ಎಲ್ಲಾ ಓದ್ಬೇಕು ಕಣವ್ವ. ಒಬ್ರೂ ಬುಡ್ಬಾರ್ದು!”

ಹೂ ಬಿತ್ತು. ಬಲಗಡೆಯಿಂದಲೇ. ಖುಷಿಗೆ ಅತ್ತೆ ನನ್ನ ಬೆನ್ನಿಗೊಂದು ಗುದ್ದಿದಳು.

ಅದಾದ ಮೇಲೆ ಕಳಿಸಿದ ಕತೆ ವಾರಪತ್ರಿಕೆಯೊಂದರಲ್ಲಿ ಬಂತು. ಅದೂ ಅತ್ತೆಯದೇ. ಒಮ್ಮೆ ನಾವಿಬ್ಬರೇ ಗೂಡು ಬಿಡಿಸುವಾಗ ಹೇಳಿದ್ದಳು. ಮದುವೆಗೆ ಮುಂಚೆ, ತವರಿಗೆ ಹಿಪ್ಪುನೇರಳೆ ಸೊಪ್ಪು ಕೊಳ್ಳಲು ಬರುತ್ತಿದ್ದ ಒಬ್ಬನ ಮೇಲೆ ಮನಸ್ಸಿಟ್ಟಿದ್ದಳಂತೆ. ಅವನಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ ಅವನು ಸತ್ತ ಸುದ್ದಿ ಬಂದ ದಿನ, “ಇವತ್ತು ನಂಗೆ ವಾರ” ಅಂತ ಸುಳ್ಳು ಹೇಳಿ ಉಪವಾಸ ಇದ್ದಳಂತೆ. ಶಿವನ ಒಕ್ಕಲಾದ ಅವಳ ಗಂಡನ ಮನೆಯಲ್ಲಿ ವಾರ ಅಂದರೆ ಸೋಮವಾರದ ಉಪವಾಸ. ಅವತ್ತು ಗುರುವಾರ.

ನಾನು ಹೆಸರು ಬದಲಿಸಿದೆ, ಊರು ಬದಲಿಸಿದೆ, ಸೊಪ್ಪಿನವನನ್ನು ಬಳೆಗಾರನನ್ನಾಗಿ ಮಾಡಿದೆ. ಗುರುವಾರದ ಉಪವಾಸ ಮಾತ್ರ ಹಾಗೇ ಬಿಟ್ಟೆ, ಕತೆಯ ಜೀವ ಅಲ್ಲೇ ಇತ್ತು. ಅತ್ತೆಯನ್ನು ಒಂದು ಮಾತು ಕೇಳಬೇಕು ಅಂತ ಹೊಳೆಯಲಿಲ್ಲವೇ? ಹೊಳೆಯಿತು. ಬೇಡ ಅಂದುಬಿಟ್ಟರೆ ಅಂತ ಕೇಳಲಿಲ್ಲ.

ಯಾರೋ ಪುಟದ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಓದಿದರಪ್ಪ, ಎಲ್ಲರೂ ಓದಿದರು! ಹಾಲಿನ ಡೈರಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಮೂರು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಲ್ಕನೆಯ ದಿನ ಅತ್ತೆಯ ಮಗಳು ಫೋನ್ ಮಾಡಿದಳು. ಆ ಗುರುವಾರ ಮನೆಯವರಿಗೆಲ್ಲ ನೆನಪಿತ್ತು. ಮಾವ ಕತೆಯನ್ನು ಓದಿಸಿಕೊಂಡು ಕೇಳಿ, ಅತ್ತೆಗೆ ಏನೂ ಅನ್ನದೆ, ಅವತ್ತಿನಿಂದ ಹುಳು ಮನೆಯಲ್ಲೇ ಮಲಗುತ್ತಿದ್ದಾರಂತೆ.

ಮುಂದಿನ ಬೆಳೆಗೆ ಕರೆಯದಿದ್ದರೂ ಹೋದೆ. “ಬಂದ್ಯಾ, ಬಾ” ಅಂದಳು ಅತ್ತೆ. ಕಾಫಿ ಕೊಟ್ಟಳು. ಚಂದ್ರಿಕೆ ಮುಂದೆ ಕೂತೆವು. ಪಕ್ಕದ ಮನೆಯಾಕೆ ಏನೋ ಹೇಳಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದಳು. ಆಮೇಲೆ ಗೂಡುಗಳು ಬುಟ್ಟಿಗೆ ಬೀಳುವ ಸದ್ದೊಂದೇ. ಇಷ್ಟು ವರ್ಷ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಅತ್ತೆ, ಏನಾದ್ರೂ ಹೇಳು.”

“ಬರ್ಕೊಳಾಕಾ?”

“ದೇವ್ರಾಣೆ ಇಲ್ಲ ಕಣತ್ತೆ. ಇನ್ಮೇಲೆ ಏನೂ ಬರಿಯಲ್ಲ.”

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಾಲು ಹಿಡಿಯಬಹುದಿತ್ತು. ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು.

“ಮತ್ತೆ ಇನ್ನೇನಕ್ ಮಗ ಬಂದೆ?”

ನಿನ್ನ ಪಕ್ಕ ಕೂರೋಕೆ ಅತ್ತೆ, ಅನ್ನಬೇಕಿತ್ತು. ತಲೆ ತಗ್ಗಿಸಿಕೊಂಡು ಗೂಡು ಬಿಡಿಸಿದೆ. ಅವಳ ದನಿ ಕೇಳದೆ ನನಗೆ ಯಾವುದೂ ರುಚಿಸುತ್ತಿಲ್ಲ ಅನ್ನುವುದನ್ನು ಇವತ್ತಿಗೂ ಅವಳಿಗೆ ಹೇಳಿಲ್ಲ.