ಅವ್ವನ ಮಂಡಿಗೆ ಮದ್ದು ಕೊಡದ ಡಾಕ್ಟರು

ಚಳ್ಳಕೆರೆಯ ಆ ಮೂಳೆ ಡಾಕ್ಟರಿಗೆ ಹೊಸ ವಿಜ್ಞಾನವೆಂದರೆ ಆಗದು ಎನ್ನುತ್ತಾರೆ. ಹಾಗಿದ್ದರೆ ನಾನು ಒಯ್ದ ನ್ಯಾನೋ ಔಷಧಿಯ ಸುದ್ದಿಯನ್ನು ಅವರು ಅಷ್ಟು ಹೊತ್ತು ಓದಿದ್ದೇಕೆ? ಮಂಡಿ ಸವೆದು ಅವ್ವ ಮಗ್ಗ ಬಿಡುವ ಹಂತಕ್ಕೆ ಬಂದಿದ್ದಳು.

"ಕಣ್ಣಿಗೆ ಕಾಣದ ಕಣ ಸೀದಾ ಕೀಲಿಗೇ ಔಷಧಿ ಒಯ್ಯುತ್ತಂತಲ್ರಿ, ಕೊಡ್ರಿ" ಎಂದು ವಾದಿಸಿದೆ.

"ಇನ್ನೂ ಇಲಿಗೆ ಕೊಟ್ಟು ನೋಡ್ತಿದಾರಪ್ಪ. ನಿಮ್ಮವ್ವ ಏನು ಇಲಿಯಾ? ಮೊದ್ಲು ಮಗ್ಗ ನೋಡಾಣ."

ಎಲ್ಲದಕ್ಕೂ ಅವರದು 'ಮೊದ್ಲು ನೋಡಾಣ'. ಭಾನುವಾರ ಮೊಳಕಾಲ್ಮೂರಿನ ನಮ್ಮ ಮನೆಗೆ ಬಂದು, ಪ್ಯಾಂಟು ಮಡಚಿ, ತಾವೇ ಮಗ್ಗದ ಕುಣಿಯೊಳಗೆ ಕಾಲಿಳಿಸಿ ಕಾಲುಹಲಗೆ ತುಳಿದು ನೋಡಿ, ಮಂಡಿ ಅಷ್ಟು ಮಡಚದಿರಲೆಂದು ಕೂರುವ ಹಲಗೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಅವ್ವ ಮತ್ತೂ ಬಹಳ ವರ್ಷ ನೇಯ್ದಳು.

ಆ ಭಾನುವಾರ ಅವರು ಕುಣಿಯಿಂದ ಗೋಡೆ ಹಿಡಿದು ಕಷ್ಟಪಟ್ಟು ಎದ್ದಾಗ ಅವ್ವ ಕೇಳಿದ್ದಳು: "ನಿಮ್ ಮಂಡಿನೂ ಹಿಂಗೇ ಐತಲ್ರಿ ಡಾಕ್ಟ್ರೇ, ಯಾರಿಗೆ ತೋರಿಸ್ತೀರಿ?"